ಮೀನಿಲ್ಲದ ತೊಟ್ಟಿಯ ನೀರು

ನಿಮ್ಮ ತಾತ ತೀರಿಕೊಂಡಾಗ ಬನಶಂಕರಿಯ ನಮ್ಮ ನಡುಮನೆಯಲ್ಲಿ ಒಂದು ದೊಡ್ಡ ಗಾಜಿನ ತೊಟ್ಟಿ ಇತ್ತು. ಅದರಲ್ಲಿ ಉಪ್ಪುನೀರು, ಸಮುದ್ರದ ಕಲ್ಲುಗಳು, ಗುಂಯ್ ಎನ್ನುವ ಒಂದು ಪಂಪು, ಅಷ್ಟೇ. ಮೀನು ಇರಲಿಲ್ಲ. ಹನುಮಂತನಗರದ ನೆಂಟರು ನಮ್ಮ ಮನೆಗೆ ಯಾಕೆ ಬರುವುದಿಲ್ಲ ಎಂದು ನೀವು ಕೇಳುತ್ತಿರುತ್ತೀರಿ. ನಿಮ್ಮ ಅಮ್ಮ ಹೇಳುವುದಿಲ್ಲ. ನನಗೆ ಎದುರು ಕೂತು ಹೇಳಲು ಬರುವುದಿಲ್ಲ. ಬರೆದರೆ ಮಾತು ತಡವರಿಸುವುದಿಲ್ಲ ಎಂದು ಬರೆಯುತ್ತಿದ್ದೇನೆ.

ತಾತ ಕಾರ್ಖಾನೆಯಲ್ಲಿ ಅಳತೆಯ ಉಪಕರಣಗಳನ್ನು ಸರಿಮಾಡುವ ವಿಭಾಗದಲ್ಲಿದ್ದರು. ತೊಂಬತ್ತರ ದಶಕ ಮುಗಿಯುವಾಗ ಕಾರ್ಖಾನೆಯವರು ಅವಧಿಗೆ ಮುಂಚೆ ಮನೆಗೆ ಕಳಿಸಿದರು. ಕೈಗೆ ಕೆಲಸವಿಲ್ಲದೆ ಗಡಿಯಾರಗಳನ್ನೆಲ್ಲ ಬಿಚ್ಚಿ ಕಟ್ಟಿದರು, ಮಿಕ್ಸಿ ಬಿಚ್ಚಿದರು, ಕೊನೆಗೆ ಸಮುದ್ರದ ಮೀನು ಸಾಕುತ್ತೇನೆ ಎಂದರು. ಕೆಲಸದ ಮೇಲೆ ಒಮ್ಮೆ ಕಾರವಾರಕ್ಕೆ ಹೋಗಿದ್ದವರು ಆ ನೀರನ್ನು ಮರೆತಿರಲಿಲ್ಲ. ನಿಮ್ಮ ಅಮ್ಮ ಆಗ ಬಿ.ಎಸ್ಸಿ. ಕೊನೆಯ ವರ್ಷ. ಅಪ್ಪ ಮಗಳು ಸೇರಿ ಡ್ರಮ್ಮಿನಲ್ಲಿ ಉಪ್ಪು ಕಲಸಿದರು, ಜೆ.ಪಿ. ನಗರದ ಅಂಗಡಿಯಿಂದ ಒದ್ದೆ ಗೋಣಿಯಲ್ಲಿ ಸುತ್ತಿ ಕಲ್ಲು ತಂದರು. ತೊಟ್ಟಿ ತುಂಬಿತು. ಆಮೇಲೆ ಏನೂ ಆಗಲಿಲ್ಲ. ದಿನಾ ಸಂಜೆ ಗಾಜಿನ ನಳಿಗೆಯಲ್ಲಿ ಒಂದಿಷ್ಟು ನೀರು ತೆಗೆದು, ಔಷಧಿಯ ಹನಿ ಬಿಟ್ಟು, ಬಣ್ಣ ನೋಡುವರು, ತಲೆಯಾಡಿಸುವರು.

"ಮೀನು ಯಾವಾಗ್ರೀ?" ಎಂದು ನಾನು ಕೇಳಿದೆ.

"ನೋಡೇ, ನೀನು ಹಾಲಿಗೆ ಹೆಪ್ಪು ಹಾಕಿ ಕಾಯಲ್ವಾ? ಹಂಗೇ ಇದು. ಕಲ್ಲಲ್ಲಿ ಕಣ್ಣಿಗೆ ಕಾಣದ ಹುಳ ಇದಾವೆ. ಅವು ಹೆಚ್ಚಬೇಕು. ಈಗಲೇ ಬಿಟ್ರೆ ಮೀನು ತನ್ನ ಉಚ್ಚೇಲಿ ತಾನೇ ಸಾಯುತ್ತೆ."

"ಅಪ್ಪಾ, ಥೂ! ಬ್ಯಾಕ್ಟೀರಿಯಾ ಅನ್ನು, ಅಮೋನಿಯಾ ಅನ್ನು," ಎಂದು ಮಗಳು ನಕ್ಕಳು.

"ನಿಮ್ಮಮ್ಮಂಗೆ ಉಚ್ಚೆ ಅಂದ್ರೇ ಅರ್ಥ ಆಗೋದು."

ಅರ್ಥವಾಯಿತು. ಹೆಪ್ಪು ಹಾಕಿದ ಪಾತ್ರೆಯನ್ನು ಅಲ್ಲಾಡಿಸಬಾರದು ಎಂದು ನಾನು ಆ ತೊಟ್ಟಿಯ ಹತ್ತಿರ ಪೊರಕೆಯನ್ನೂ ಮೆಲ್ಲಗೆ ಆಡಿಸುತ್ತಿದ್ದೆ.

ಒಂದು ಬೆಳಿಗ್ಗೆ ತರಕಾರಿಗೆಂದು ಜಯನಗರದ ಕಾಂಪ್ಲೆಕ್ಸಿಗೆ ಹೋದ ನಿಮ್ಮ ತಾತ ಅಲ್ಲೇ ಮೆಟ್ಟಿಲ ಮೇಲೆ ಕುಸಿದರು. ಆಸ್ಪತ್ರೆ ಮುಟ್ಟುವ ಮೊದಲೇ ಹೋಗಿದ್ದರಂತೆ. ಯಾರೋ ಪುಣ್ಯಾತ್ಮರು ಚೀಲವನ್ನು ಮನೆಗೆ ತಂದುಕೊಟ್ಟರು. ಹುರುಳಿಕಾಯಿ, ಒಂದು ತೆಂಗಿನಕಾಯಿ, ಬಾಡದ ಕೊತ್ತಂಬರಿ. ಆ ಚೀಲವನ್ನು ಎಲ್ಲಿಡಬೇಕೆಂದು ತಿಳಿಯದೆ ನಾನು ತುಂಬ ಹೊತ್ತು ಹಿಡಿದುಕೊಂಡೇ ನಿಂತಿದ್ದೆನಂತೆ. ನನಗೆ ನೆನಪಿಲ್ಲ.

ಮಗಳು ಅಳಲಿಲ್ಲ. ಬಂದವರು ತಬ್ಬಿದರೆ ತಬ್ಬಿಸಿಕೊಂಡಳು, ಅಷ್ಟೇ. ಸೂತಕದ ದಿನಗಳಲ್ಲೂ ಬೆಳಿಗ್ಗೆ ಎದ್ದು, ಆರಿದಷ್ಟು ನೀರನ್ನು ತೊಟ್ಟಿಗೆ ತುಂಬಿಸಿ, ಪಂಪಿನ ಸದ್ದು ಕೇಳಿ, ಮೂಲೆಗೆ ಹೋಗಿ ಕೂರುವಳು. ಬಂದ ನೆಂಟರಿಗೆ ಅದೊಂದು ಸೋಜಿಗ.

"ಮೀನೇ ಇಲ್ವಲ್ಲಮ್ಮ, ಬರೀ ನೀರಿಗೆ ಯಾಕೆ ಕರೆಂಟು ಸುಡ್ತೀರ?" ಎಂದು ಒಬ್ಬರು ಕೇಳಿದರು. ಇನ್ನೊಬ್ಬರು ಕಾಫಿ ಲೋಟವನ್ನು ಅದರ ಮುಚ್ಚಳದ ಮೇಲಿಟ್ಟರು. ಮಗಳು ಲೋಟ ತೆಗೆದು ಕೆಳಗಿಟ್ಟಳು.

ತಾತನ ಅಕ್ಕ, ಅಂದರೆ ನನ್ನ ಅತ್ತಿಗೆ, ಹನುಮಂತನಗರದಲ್ಲಿ ನನ್ನ ಮೈದುನನ ಜೊತೆ ಇದ್ದರು. ತಾಯಿ ಬೇಗ ಸತ್ತಿದ್ದರಿಂದ ತಮ್ಮಂದಿರಿಬ್ಬರನ್ನೂ ಸೊಂಟದಲ್ಲಿ ಹೊತ್ತು ಬೆಳೆಸಿದವರು. ಸೂತಕ ಕಳೆಯುವ ದಿನ ಮನೆಯನ್ನೆಲ್ಲ ತೊಳೆಯುವ ಹೊಣೆ ಅವರದೇ. ನಮ್ಮ ಪದ್ಧತಿ ನಿಮಗೆ ಗೊತ್ತಿರಲಾರದು. ಸಾವಾದ ಮನೆಯಲ್ಲಿ ತುಂಬಿಟ್ಟ ನೀರನ್ನು ಉಳಿಸುವುದಿಲ್ಲ. ಹಂಡೆ, ಕೊಡ, ಫಿಲ್ಟರು, ಮೇಲಿನ ಟ್ಯಾಂಕು, ಎಲ್ಲ ಬರಿದು ಮಾಡಿ ಹೊಸ ನೀರು ಹಿಡಿಯಬೇಕು. ಮಗಳು ಚಿಕ್ಕಪ್ಪನ ಜೊತೆ ಮರುದಿನದ ಕಾರ್ಯಕ್ಕೆ ಸಾಮಾನು ತರಲು ಹೋಗಿದ್ದಳು. ನನ್ನನ್ನು ಒಳಕೋಣೆಯಲ್ಲಿ ಕೂರಿಸಿದ್ದರು. ನಡುಮನೆಯಲ್ಲಿ ಬಕೆಟ್ಟುಗಳ ಸದ್ದು ಕೇಳುತ್ತಲೇ ಇತ್ತು. ಹಂಡೆ ಬರಿದು ಮಾಡುತ್ತಿದ್ದಾರೆ ಎಂದುಕೊಂಡೆ. ಪಂಪು ನಿಂತಾಗಲೇ ನನಗೆ ತಿಳಿದದ್ದು.

ಆ ಹೊತ್ತಿಗೆ ತೊಟ್ಟಿಯ ನೀರು ಹಿತ್ತಲ ಮೋರಿಗೆ ಹೋಗಿತ್ತು. ಕಲ್ಲುಗಳನ್ನು ಪಾತ್ರೆ ಪುಡಿ ಹಾಕಿ, ನಾರಿನಲ್ಲಿ ಉಜ್ಜಿ, ನಲ್ಲಿ ಕೆಳಗೆ ತೊಳೆದು, ತಾರಸಿಯ ಬಿಸಿಲಿಗೆ ಹರವಿದ್ದರು. ಅತ್ತಿಗೆ ತೋಳಿನಿಂದ ಕಣ್ಣೊರೆಸಿಕೊಳ್ಳುತ್ತ ಗಾಜಿಗೆ ಅರಿಶಿನದ ನೀರು ಚಿಮುಕಿಸುತ್ತಿದ್ದರು.

"ಅವನ ಕೈಯಾರೆ ಕಲಸಿದ ನೀರಂತೆ ಕಣೇ. ಸತ್ತೋನ ಕೈ ಮುಟ್ಟಿದ ನೀರು ಮನೇಲಿ ನಿಂತ್ರೆ ಅವನು ಇಲ್ಲೇ ಸುತ್ತುತಾನೆ. ಹೋಗ್ಲಿ ಬಿಡು ನನ್ನ ಕಂದ, ಹಗುರಾಗಿ ಹೋಗ್ಲಿ," ಎಂದರು.

ತಮ್ಮನನ್ನು ಕಳಿಸಿಕೊಡಲು ಅವರು ಹಾಗೆ ಮಾಡಿದರು. ಅವರ ಮೇಲೆ ನನಗೆ ಆ ಹೊತ್ತಿನಲ್ಲೂ ಸಿಟ್ಟು ಬರಲಿಲ್ಲ. ಮಗಳು ಬಂದಳು. ಬರಿದಾದ ಗಾಜನ್ನು ನೋಡಿದಳು. ತಾರಸಿಗೆ ಹೋಗಿ ಒಂದು ಕಲ್ಲನ್ನೆತ್ತಿ ಮೂಸಿದಳು. ಕೆಳಗಿಳಿದು ಬಂದು ಸೋದರತ್ತೆಯ ಎದುರು ನಿಂತು, "ಅಪ್ಪಂದು ಇಷ್ಟೇ ಉಳಿದಿತ್ತು," ಎಂದಳು. ಕೂಗಲಿಲ್ಲ. ಆಮೇಲೆ ಅವಳು ಮಾತು ಬಿಟ್ಟಳು.

ಎಲ್ಲರೂ ಅವರವರ ಮನೆಗೆ ಹೋದರು. ನಾನು, ಅವಳು ಉಳಿದೆವು. ಅವಳು ಕಾಲೇಜಿಗೆ ಹೋಗಲಿಲ್ಲ, ಪರೀಕ್ಷೆಗೆ ಕಟ್ಟಲಿಲ್ಲ. ಖಾಲಿ ತೊಟ್ಟಿಗೆ ಮುಖ ಮಾಡಿ ಚಾಪೆಯ ಮೇಲೆ ಮಲಗಿರುವಳು. ತಟ್ಟೆ ಮುಂದಿಟ್ಟರೆ ಎರಡು ತುತ್ತು. ಬೈದೆ, ಬೇಡಿಕೊಂಡೆ, ಪಕ್ಕದಲ್ಲಿ ಮಲಗಿದೆ. ಸ್ನಾನದ ನೀರು ಕಾಯಿಸಿ ಕೈಹಿಡಿದು ಕರೆದುಕೊಂಡು ಹೋದರೆ ಬರುವಳು, ಬಿಟ್ಟರೆ ಅಲ್ಲೇ ನಿಲ್ಲುವಳು. ಅವಳ ಜಡೆ ಹೆಣೆಯುವಾಗ ಕತ್ತಿನ ಮೂಳೆ ಕೈಗೆ ಸಿಗುತ್ತಿತ್ತು. ಇವಳನ್ನೂ ಕಳಕೊಳ್ಳುತ್ತೇನೆ ಎಂಬ ಭಯ ನನಗೆ ಹತ್ತಿತು. ಆ ಭಯ ಬಂದ ಮೇಲೆ ಗಂಡನಿಗಾಗಿ ಅಳುವುದು ನನಗೂ ನಿಂತುಹೋಯಿತು.

ನಾನು ಹಳ್ಳಿಯ ಶಾಲೆಯಲ್ಲಿ ಏಳನೇ ತರಗತಿ ಓದಿದವಳು. ಬೆಂಗಳೂರಿಗೆ ಬಂದು ಎಷ್ಟೋ ವರ್ಷವಾಗಿದ್ದರೂ ಒಬ್ಬಳೇ ಬಸ್ಸು ಹತ್ತಿದ್ದು ಕಡಿಮೆ. ಗಂಡ ಸತ್ತ ಹೊಸತರಲ್ಲಿ ಹೊಸಿಲು ದಾಟುವುದೂ ಇರಲಿಲ್ಲ. ಆದರೂ ಒಂದು ದಿನ ಸೆರಗು ಹೊದ್ದು, ಬಿಸಿಲಿಗಿಟ್ಟಿದ್ದ ಕಲ್ಲುಗಳಲ್ಲಿ ಒಂದನ್ನು ಚೀಲಕ್ಕೆ ಹಾಕಿಕೊಂಡು ಜೆ.ಪಿ. ನಗರದ ಆ ಅಂಗಡಿಗೆ ಹೋದೆ. ದಾರಿ ಕೇಳಲು ನಾಚಿ ಎರಡು ಸ್ಟಾಪು ಮುಂದೆ ಇಳಿದು ನಡೆದುಕೊಂಡು ಬಂದೆ.

ಅಂಗಡಿಯವನಿಗೆ ನನ್ನ ಹಣೆ ನೋಡಿಯೇ ಗೊತ್ತಾಯಿತು. "ಸಾರ್ ಬರ್ಲಿಲ್ವಲ್ಲ ಅಂದ್ಕೋತಾನೇ ಇದ್ದೆ ಅಮ್ಮ," ಎಂದು ಸ್ಟೂಲು ಎಳೆದುಕೊಟ್ಟ. ನಾನು ಕಲ್ಲು ತೆಗೆದು ಮುಂದಿಟ್ಟೆ.

"ಇದನ್ನ ತೊಳೆದುಬಿಟ್ರು."

"ಯಾವುದ್ರಲ್ಲಿ?"

"ಪಾತ್ರೆ ಪುಡಿ."

ಅವನು ನಗಬೇಕೋ ಬೇಡವೋ ಎಂಬಂತೆ ಬಾಯಿಗೆ ಕೈ ಇಟ್ಟುಕೊಂಡ. "ಸತ್ತಿದೆ ಅಮ್ಮ ಇದು. ಆದ್ರೆ ಬಿಸಾಕ್ಬೇಡಿ. ಸಿಹಿನೀರಲ್ಲಿ ನೆನೆಸಿ ನೆನೆಸಿ ಪುಡಿ ಎಲ್ಲ ಹೋಗ್ಸಿ. ಹೊಸದಾಗಿ ಉಪ್ಪುನೀರು ಮಾಡಿ ಮತ್ತೆ ಶುರು ಮಾಡಿದ್ರೆ ಮತ್ತೆ ಮನೆ ಮಾಡ್ಕೋತವೆ."

"ಹೆಪ್ಪು ಬೇಕಲ್ಲ?"

"ಏನು?"

ನಾನು ನಾಚಿಕೊಂಡು, ಮೊಸರಿನ ಮಾತು ಹೇಳಿದೆ. ಅವನು ಜೋರಾಗಿ ನಕ್ಕು, ತನ್ನ ತೊಟ್ಟಿಯೊಳಗೆ ಕೈಹಾಕಿ ಅಂಗೈಯಷ್ಟು ಕಲ್ಲು ತೆಗೆದು ನೀರಿನ ಜೊತೆ ಕವರಿಗೆ ಹಾಕಿದ. "ತಗೊಳ್ಳಿ ಹೆಪ್ಪು. ಆದ್ರೆ ಇದಕ್ಕೆ ಊಟ ಬೇಕು. ಏನಾದ್ರೂ ಕೊಳೀಬೇಕು ಒಳಗೆ. ಮೀನಿನ ಪುಡಿ ಹಾಕಿದ್ರೂ ಆಗುತ್ತೆ, ಅದು ನಿಧಾನ. ಒಂದು ಸಿಗಡಿ ಹಾಕಿಬಿಡಿ, ಬೇಗ ಶುರುವಾಗುತ್ತೆ."

ಸಿಗಡಿ ಎಂದರೆ ಏನೆಂದು ನನಗೆ ಗೊತ್ತಿತ್ತು. ಮೊಟ್ಟೆಯನ್ನೂ ಮುಟ್ಟದ ಮನೆ ನಮ್ಮದು. ಮಗಳ ಕತ್ತಿನ ಮೂಳೆ ಕಣ್ಣಿಗೆ ಬಂತು. "ಕೊಡಿ," ಎಂದೆ. ಫ್ರಿಜ್ಜಿನಿಂದ ತೆಗೆದು ಪೇಪರಿನಲ್ಲಿ ಸುತ್ತಿಕೊಟ್ಟ. ಬಸ್ಸಿನಲ್ಲಿ ಅದು ಕರಗಿ ನನ್ನ ಸೀರೆಯ ಮಡಿಲು ಒದ್ದೆಯಾಯಿತು.

ಮನೆಗೆ ಬಂದು ಅವನು ಹೇಳಿದಂತೆ ಮಾಡಿದೆ. ಶುದ್ಧ ನೀರಿನ ಕ್ಯಾನುಗಳನ್ನು ತರಿಸಿ, ಡ್ರಮ್ಮಿನಲ್ಲಿ ಉಳಿದಿದ್ದ ಉಪ್ಪನ್ನು ಕಲಸಿದೆ. ಎಷ್ಟು ಎಂದು ತಿಳಿಯದೆ ನಾಲಿಗೆಯ ಮೇಲೆ ಹಾಕಿ ನೋಡಿಕೊಂಡೆ. ಮಗಳು ಚಾಪೆಯ ಮೇಲಿಂದ ನೋಡುತ್ತಿದ್ದಳು. ಎರಡನೇ ಸಲ ನಾನು ನಾಲಿಗೆ ಚಾಚಿದಾಗ ಎದ್ದು ಬಂದು, ಅಪ್ಪ ಉಪ್ಪಳೆಯುತ್ತಿದ್ದ ಮುಳ್ಳಿನ ಡಬ್ಬಿಯನ್ನು ನೀರಿಗೆ ಇಳಿಸಿ, ಮುಳ್ಳು ಎಲ್ಲಿ ನಿಲ್ಲಬೇಕೆಂದು ಬೆರಳಿನಲ್ಲಿ ತೋರಿಸಿ, ಮತ್ತೆ ಹೋಗಿ ಮಲಗಿದಳು. ಹಳೆಯ ಕಲ್ಲುಗಳನ್ನೂ ಹೆಪ್ಪಿನ ಕಲ್ಲನ್ನೂ ನಾನು ಒಳಗಿಟ್ಟೆ. ಪಂಪು ಹಾಕಿದೆ. ಸಿಗಡಿಯನ್ನು ಇಕ್ಕಳದಲ್ಲಿ ಹಿಡಿದು ಒಳಗೆ ಬಿಟ್ಟು, ಆ ಇಕ್ಕಳವನ್ನು ಹಿತ್ತಲಿಗೆ ಎಸೆದೆ.

ಅದು ಕೊಳೆಯಿತು. ಮೊದಲು ಬೆಳ್ಳಗೆ ಊದಿಕೊಂಡಿತು, ಆಮೇಲೆ ಹತ್ತಿಯಂಥದ್ದೇನೋ ಅದರ ಸುತ್ತ ಬೆಳೆಯಿತು. ಮನೆಯೆಲ್ಲ ವಾಸನೆ. ದೇವರ ಮುಂದೆ ಊದುಬತ್ತಿ ಹಚ್ಚಿದರೆ ಎರಡೂ ಬೆರೆತು ಇನ್ನೂ ಕೆಡುವುದು. ಅಷ್ಟರಲ್ಲಿ ಮೊದಲ ತಿಂಗಳ ಮಾಸಿಕ ಬಂತು. ಕಾರ್ಯ ಮಾಡಬೇಕಾದವನು ನನ್ನ ಮೈದುನ. ಅಡುಗೆಗೆ ಅತ್ತಿಗೆ ಮಡಿಯುಟ್ಟು ಬೆಳಿಗ್ಗೆಯೇ ಬಂದರು. ಸಿಗಡಿ ಇನ್ನೂ ಪೂರ್ತಿ ಕೊಳೆತಿರಲಿಲ್ಲ. ತೆಗೆಯಬಹುದಿತ್ತು. ತೆಗೆದರೆ ಮತ್ತೆ ಮೊದಲಿಂದ ಎಂದು ನಾನು ತೆಗೆಯಲಿಲ್ಲ.

"ಏನೇ ಇದು ನಾತ? ಇಲಿ ಸತ್ತಿದ್ಯೇನೇ?" ಎಂದು, ಅನ್ನ, ಸಾರು ಇಳಿಸಿ ನಡುಮನೆಗೆ ಬಂದ ಅತ್ತಿಗೆ ಬೀರುವಿನ ಹಿಂದೆಲ್ಲ ಬಗ್ಗಿ ನೋಡಿದರು. ತೊಟ್ಟಿಯ ಮುಂದೆ ಬಂದು ನಿಂತರು. "ಇದ್ಯಾಕೆ ಮತ್ತೆ ತುಂಬ್ಸಿದೀರ? ಅದೇನು ಬೆಳ್ಳಗೆ?"

ಮೈದುನ ಕನ್ನಡಕ ಏರಿಸಿ ನೋಡಿದ. "ಅಕ್ಕಾ, ಅದು ಸಿಗಡಿ ಕಣೇ."

"ನಿಂಗೆ ಹೆಂಗೊತ್ತು?"

"ಆಫೀಸ್ ಕ್ಯಾಂಟೀನಲ್ಲಿ... ನೋಡಿದೀನಿ. ನೋಡಿದೀನಿ ಅಷ್ಟೇ."

ಬೇರೆ ದಿನವಾಗಿದ್ದರೆ ನಕ್ಕುಬಿಡುತ್ತಿದ್ದೆವು. ಅತ್ತಿಗೆಯ ಮುಖ ಕೆಂಪಾಯಿತು. ಚಾಪೆಯ ಮೇಲಿದ್ದ ಮಗಳ ಕಡೆ ತಿರುಗಿದರು. "ಇದು ನಿನ್ನ ಕೆಲಸ ತಾನೇ? ಅಪ್ಪಂಗೆ ಪಿಂಡ ಇಡೋ ಮನೇಲಿ ಹೆಣ ಕೊಳೆ ಹಾಕಿದೀಯಲ್ಲೇ! ನನ್ನ ಮೇಲಿನ ಹಟಕ್ಕಾ? ಓದಿದ್ದು ಇದಕ್ಕೇನಾ?"

ಮಗಳು ಎದ್ದು ಕೂತಳು.

"ಅವಳಲ್ಲ," ಎಂದೆ. ನನ್ನ ದನಿ ನನಗೇ ಕೇಳಿಸಲಿಲ್ಲ. ಇನ್ನೊಮ್ಮೆ ಹೇಳಿದೆ. "ಅವಳಲ್ಲ ಅತ್ತಿಗೆ. ನಾನೇ ಹೋಗಿ ತಂದು ಹಾಕಿದ್ದು. ಅವಳನ್ನ ಏನೂ ಅನ್ಬೇಡಿ."

ಮದುವೆಯಾಗಿ ಬಂದಂದಿನಿಂದ ಅತ್ತಿಗೆಯ ಮುಖಕ್ಕೆ ಮುಖ ಕೊಟ್ಟು ನಾನು ಮಾತಾಡಿದವಳಲ್ಲ. ಅವರು ನನ್ನನ್ನೇ ನೋಡಿದರು. ಸಿಟ್ಟಿಗಿಂತ ಹೆದರಿಕೆಯೇ ಇತ್ತು ಆ ನೋಟದಲ್ಲಿ, ನನಗೆ ಬುದ್ಧಿ ಕೆಟ್ಟಿದೆ ಎಂಬಂತೆ.

"ತೆಗ್ದು ಆಚೆ ಹಾಕು. ತೊಳ್ಕೊಂಡು ಮಾಡೋಣ," ಎಂದರು, ಈ ಸಲ ಮೆಲ್ಲಗೆ.

"ಆಗಲ್ಲ."

"ನನ್ನ ತಮ್ಮಂಗಿಂತ ಹೆಚ್ಚೇನೇ ಇದು?"

ನಿಮ್ಮ ತಾತ ಹೋಗಿಯಾಗಿತ್ತು. ಇವಳು ಇನ್ನೂ ಇದ್ದಳು.

ಪುರೋಹಿತರಿಗೆ ಫೋನು ಹೋಯಿತು. ಅಡುಗೆ ಸಾಮಾನು, ನೆನೆಸಿದ ಉದ್ದು, ಬೆಂದಿದ್ದ ಅನ್ನ, ಎಲ್ಲ ಆಟೋ ಹತ್ತಿ ಹನುಮಂತನಗರಕ್ಕೆ ಹೊರಟಿತು. ನನ್ನನ್ನು ಯಾರೂ ಹತ್ತು ಎನ್ನಲಿಲ್ಲ. ಆಟೋದಿಂದ ಅತ್ತಿಗೆ ತಲೆ ಹೊರಗೆ ಹಾಕಿ, "ಇನ್ಮೇಲೆ ಅವನಿಗೆ ಈ ಮನೇಲಿ ಅನ್ನ ಇಲ್ಲ," ಎಂದರು. ಹಾಗೇ ಆಯಿತು. ಆ ವರ್ಷದ ಕಾರ್ಯಗಳೆಲ್ಲ ಅಲ್ಲೇ ನಡೆದವು. ವರ್ಷಾಂತಕ್ಕೂ ಕರೆ ಬರಲಿಲ್ಲ. ಆಯಾ ತಿಥಿಗೆ ನಾನು ತಾರಸಿಯ ಮೇಲೆ ಎಲೆ ಹಾಕಿ ಕಾಗೆಗೆ ಅನ್ನವಿಟ್ಟು ಬರುತ್ತಿದ್ದೆ. ಮಂತ್ರ ನನಗೆ ಬಾರದು.

ಅವರು ಹೋದ ಮೇಲೆ ಅಡುಗೆಮನೆಯಲ್ಲಿ ಆರಿದ ಒಲೆಯ ಮುಂದೆ ಕೂತಿದ್ದೆ. ಬಾಗಿಲಲ್ಲಿ ಮಗಳು ಬಂದು ನಿಂತಳು.

"ಅಮ್ಮ, ಅನ್ನಾನೂ ತಗೊಂಡ್ಹೋದ್ರಾ?"

ಬಹಳ ದಿನ ಆಡದ ಗಂಟಲು, ಗೊಗ್ಗರಾಗಿತ್ತು.

"ಹೂಂ."

"ಸಾರು?"

"ಅದನ್ನೂ."

ಅವಳು ಮೇಲಿನ ಡಬ್ಬಿ ಇಳಿಸಿ ಉಪ್ಪಿಟ್ಟಿಗೆ ರವೆ ಹುರಿದಳು. ಒಗ್ಗರಣೆ ಸೀಯಿತು. ಇಬ್ಬರೂ ತಿಂದೆವು, ಅವಳು ತಟ್ಟೆ ಖಾಲಿ ಮಾಡಿದಳು. ಆಮೇಲೆ ಅಪ್ಪನ ಔಷಧಿಯ ಪೆಟ್ಟಿಗೆ ತೆಗೆದು ನೀರು ನೋಡಿದಳು. ಕಡು ಹಸಿರು. "ವಿಷ ಚೆನ್ನಾಗಿ ಏರಿದೆ. ಹುಳಕ್ಕೆ ಇಷ್ಟು ಊಟ ಸಾಕಿನ್ನು," ಎಂದು ಸಿಗಡಿಯ ಉಳಿಕೆಯನ್ನು ಜಾಲರಿಯಲ್ಲಿ ಎತ್ತಿ ಹೊರಗೆ ಹೂತು ಬಂದಳು.

ಅಂದಿನಿಂದ ಸಂಜೆಯ ಕೆಲಸ ಅವಳದಾಯಿತು. ಎಲ್ಲ ಸರಿಹೋಯಿತು ಎಂದುಕೊಳ್ಳಬೇಡಿ. ಕೆಲವು ದಿನ ನೀರು ನೋಡಿದ್ದು ಬಿಟ್ಟರೆ ಚಾಪೆಯಿಂದ ಏಳುತ್ತಲೇ ಇರಲಿಲ್ಲ. ಆ ವರ್ಷದ ಪರೀಕ್ಷೆ ಹೋಯಿತು. ಹಸಿರು ಇಳಿದು ಹಳದಿಯಾಯಿತು. ಆದರೆ ಇನ್ನೊಂದು ನಳಿಗೆ, ಆ ಹುಳಗಳು ಮೊದಲ ವಿಷ ತಿಂದು ಬಿಡುವ ಎರಡನೇ ವಿಷದ್ದು, ನೇರಳೆಯಲ್ಲೇ ನಿಂತುಬಿಟ್ಟಿತು. ವಾರಗಳು ಕಳೆದರೂ ನೇರಳೆಯೇ. ಅದು ತಿಳಿನೀಲಿಗೆ ಬರದೆ ಮೀನಿಲ್ಲ. ನಾನು ಕೇಳುವುದನ್ನು ಬಿಟ್ಟೆ. ಅವಳ ಮುಖ ನೋಡಿದರೆ ಆ ದಿನದ ಬಣ್ಣ ತಿಳಿಯುತ್ತಿತ್ತು.

ಒಂದು ಸಂಜೆ ಕಿಟಕಿಯ ಬೆಳಕಿಗೆ ನಳಿಗೆ ಹಿಡಿದವಳು ಹಾಗೇ ನಿಂತಿದ್ದಳು. ಹೋಗಿ ನೋಡಿದೆ. ನೀಲಿ.

"ಆಯ್ತಲ್ಲೇ?" ಎಂದೆ.

"ಆಯ್ತು." ನಳಿಗೆಯನ್ನು ಇನ್ನೊಮ್ಮೆ ತಿರುಗಿಸಿ, "ಇದು ಅಪ್ಪನ ನೀರಲ್ಲ ಅಮ್ಮ," ಎಂದಳು.

"ಅಲ್ಲ."

ಆಗ ಅತ್ತಳು. ಅವಳಪ್ಪ ಹೋದ ಮೇಲೆ ಅದೇ ಮೊದಲು. ಗೋಡೆಗೊರಗಿ ಜಾರಿ ಕೂತು, ಚಿಕ್ಕ ಮಕ್ಕಳ ಹಾಗೆ ಬಾಯಿ ಬಿಟ್ಟು ಅತ್ತಳು. ಅಳುವವರ ಜೊತೆ ಕೂತು ಅಳುವುದರಲ್ಲಿ ಅತ್ತಿಗೆಯಂಥವರು ನಮ್ಮ ಕಡೆ ಇನ್ನೊಬ್ಬರಿರಲಿಲ್ಲ. ಅವರು ಇರಬೇಕಿತ್ತು. ನನಗೆ ಅದೆಲ್ಲ ಬಾರದು. ಅವಳ ಕೈಯಿಂದ ಜಾರುತ್ತಿದ್ದ ನಳಿಗೆಯನ್ನು ತೆಗೆದುಕೊಂಡು, ಚೆಲ್ಲದಂತೆ ಹಿಡಿದು, ಪಕ್ಕದಲ್ಲಿ ಕೂತೆ. ಅವಳು ಸುಸ್ತಾಗುವವರೆಗೂ ಅಳಲಿ ಎಂದು ಬಿಟ್ಟೆ.