ಐದು ಮೊಳ ಹಗ್ಗ

ಮಣಿಪಾಲದ ಒಂದು ಪ್ಲೇ ಸ್ಕೂಲಿನಲ್ಲಿ ಹರಿಣಾಕ್ಷಿ ಆಯಾ. ಬೆಳಿಗ್ಗೆ ಎಂಟಕ್ಕೆ ಮಕ್ಕಳ ಮರಳಿನ ಹೊಂಡವನ್ನು ಜರಡಿ ಹಿಡಿದು ಬೆಕ್ಕಿನ ಹೇಲು ತೆಗೆಯುತ್ತಾಳೆ, ಜಾರುಬಂಡಿಯ ಇಬ್ಬನಿ ಒರೆಸುತ್ತಾಳೆ. ಆಮೇಲೆ ಮೂವತ್ತು ಮಕ್ಕಳು ಓಡುತ್ತಾರೆ, ಬೀಳುತ್ತಾರೆ. ಯಾರ ಮೊಣಕಾಲು ತರಚಿದರೂ ತೊಳೆಯುವವಳು ಅವಳೇ.

ಅವಳ ಮಗಳು ಮೋಕ್ಷಾಳಿಗೆ ನಾಲ್ಕು ವರ್ಷ. ಹೆಜಮಾಡಿಯ ಅವರ ಮನೆಯಿಂದ ಕಡಲು ಕೂಗಳತೆಯಲ್ಲಿದೆ. ಹರಿಣಾಕ್ಷಿ ಆರೂವರೆಯ ಬಸ್ಸಿಗೆ ಹೊರಟ ಮೇಲೆ ಅತ್ತೆ ಅಮ್ಮಣ್ಣಿ ಮಗುವಿನ ಸೊಂಟಕ್ಕೆ ಬಲೆಯ ಹಗ್ಗ ಕಟ್ಟಿ, ಇನ್ನೊಂದು ತುದಿಯನ್ನು ಕಿಟಕಿಯ ಸರಳಿಗೆ ಬಿಗಿದು, ಮೀನು ಒಣಗಿಸಲು ಕೂರುತ್ತಾಳೆ. ಹಗ್ಗ ಐದು ಮೊಳ. ಅಂಗನವಾಡಿ ತೆರೆದಾಗ ಬಿಚ್ಚುತ್ತಾಳೆ, ಮುಚ್ಚಿದಾಗ ಮತ್ತೆ ಕಟ್ಟುತ್ತಾಳೆ. ಆ ಅಂಗನವಾಡಿಗೂ ಅಂಗಳವಿಲ್ಲ. ಬಾಗಿಲ ಎದುರೇ ಹೆದ್ದಾರಿ. ಟೀಚರ್ ಚಿಲಕ ತೆಗೆಯುವುದಿಲ್ಲ.

“ನನಗೆ ಎರಡೇ ಕೈ ಉಂಟು. ಮೀನು ನೋಡಲಾ, ಇವಳ ಹಿಂದೆ ಓಡಲಾ?” ಎನ್ನುತ್ತಾಳೆ ಅಮ್ಮಣ್ಣಿ. “ನಿನ್ನ ಗಂಡನನ್ನೂ ಹೀಗೇ ಕಟ್ಟಿ ಸಾಕಿದ್ದು. ಈಗ ನೋಡು, ಮನೆಯಲ್ಲಿ ಒಂದು ದಿನ ನಿಲ್ಲುತ್ತಾನಾ?”

ಒಂದು ವರ್ಷ ಬಾಯಿ ಬಿಡದಿದ್ದ ಹರಿಣಾಕ್ಷಿ ಕೊನೆಗೆ ಶಾಲೆಯ ಮುಖ್ಯಸ್ಥೆ ನರ್ಮದಾ ಅವರ ಮೇಜಿನ ಮುಂದೆ ನಿಂತಳು.

“ಮಗಳನ್ನು ಕರೆದುಕೊಂಡು ಬರ್ತೇನೆ ಮೇಡಂ. ಕ್ಲಾಸು ಬೇಡ. ಆಟದ ಹೊತ್ತು ಮಾತ್ರ ಸಾಕು.”

“ಫೀಸು ಕೊಡುವವರು ಕೇಳುವುದಿಲ್ವಾ ಹರಿಣಾಕ್ಷಿ? ನಾಳೆ ವ್ಯಾನಿನ ಡ್ರೈವರೂ ಅವನ ಮಗನನ್ನು ತರ್ತಾನೆ.” ನರ್ಮದಾ ಗೋಡೆಯ ಕ್ಯಾಲೆಂಡರ್ ನೋಡಿದರು. “ಶನಿವಾರ, ಮಕ್ಕಳೆಲ್ಲ ಹೋದ ಮೇಲೆ. ಒಂದು ಸಲ, ಅರ್ಧ ಗಂಟೆ. ನಿನ್ನ ಕೆಲಸ ನಿಲ್ಲಬಾರದು.”

ಶನಿವಾರ ಮೋಕ್ಷಾ ಬೆಳಿಗ್ಗೆಯಿಂದ ಶಾಲೆಯ ಅಡುಗೆಮನೆಯ ಮೂಲೆಯಲ್ಲಿ ಕುಳಿತಳು. ಹನ್ನೆರಡೂವರೆಗೆ ಕೊನೆಯ ಕಾರು ಹೋಯಿತು. ಹರಿಣಾಕ್ಷಿ ಅವಳನ್ನು ಹುಲ್ಲಿನ ಮೇಲೆ ಬಿಟ್ಟು, ಪೈಪು ಹಿಡಿದು ಜಾರುಬಂಡಿ ತೊಳೆಯತೊಡಗಿದಳು.

“ಓಡು ಮಗಾ.”

ಮೋಕ್ಷಾ ಓಡಿದಳು. ಐದಾರು ಹೆಜ್ಜೆ. ಅಲ್ಲೇ ತಟ್ಟನೆ ನಿಂತು, ತಿರುಗಿ ಬಂದಳು.

“ಇನ್ನೂ ದೂರ ಹೋಗು. ಆ ಗೋಡೆವರೆಗೆ.”

ಮತ್ತೆ ಐದಾರು ಹೆಜ್ಜೆ. ಮತ್ತೆ ತಿರುಗಿದಳು.

ಹರಿಣಾಕ್ಷಿ ಪೈಪು ಬಿಸಾಡಿ, ಮಗಳ ಕೈ ಹಿಡಿದು ಗೋಡೆಯವರೆಗೆ ಓಡಿಸಿಕೊಂಡು ಹೋದಳು. ಕೈ ಬಿಟ್ಟ ಕೂಡಲೇ ಮೋಕ್ಷಾ ತನ್ನ ಸೊಂಟ ತಡವಿಕೊಂಡಳು.

“ಅಮ್ಮ, ಹಗ್ಗ ಎಲ್ಲಿ?”

“ಹರಿಣಾಕ್ಷೀ,” ಒಳಗಿನಿಂದ ನರ್ಮದಾ ಕರೆದರು, “ನೀರು ಸುಮ್ಮನೆ ಹೋಗ್ತಾ ಉಂಟು.”

ಅವಳು ಹೋಗಿ ಪೈಪು ಎತ್ತಿಕೊಂಡಳು. ಮೋಕ್ಷಾ ಹಿಂದೆಯೇ ಬಂದು ಅವಳ ಸೆರಗನ್ನು ಎರಡೂ ಕೈಯಲ್ಲಿ ಹಿಡಿದು ನಿಂತಳು. ಅರ್ಧ ಗಂಟೆಯಲ್ಲಿ ಇನ್ನೂ ಹತ್ತು ನಿಮಿಷ ಉಳಿದಿತ್ತು. ಹೊಂಡದಿಂದ ಚೆಲ್ಲಿದ ಮರಳು ಗುಡಿಸುವುದು ಬಾಕಿಯಿತ್ತು.