ಮೂರು ನಿಮಿಷದ ಗಂಟೆ

ಆ ದಿನ ನಾನು ಗಂಟೆ ಹೊಡೆದದ್ದು ಸರಿಯಾಗಿ ಮೂರು ನಿಮಿಷಕ್ಕೆ ಎಂದೇ ನನ್ನ ನೆನಪು. ಎರಡು ನಿಮಿಷವೂ ಆಗಿರಲಿಲ್ಲ ಎನ್ನುತ್ತಾರೆ ಚಿಕ್ಕಪ್ಪ. ಫೋನಿನಲ್ಲಿ ಸಮಯ ನೋಡುತ್ತಿದ್ದೆ. ಫೋನು ಅದನ್ನು ಉಳಿಸಿಕೊಂಡಿಲ್ಲ.

ಬಾಗಲೂರಿನ ಆಚೆ, ಗಡಿ ದಾಟಿದ ತಮಿಳು ಸೀಮೆಯಲ್ಲಿ ನಮ್ಮ ಊರು. ಮೇ ದಿನದ ಗ್ರಾಮಸಭೆ ಶಾಲೆಯ ಜಗಲಿಯಲ್ಲಿ ಸೇರಿತ್ತು. ಅದರ ಹಿಂದಿನ ಸಭೆ ಕೂಗಾಟದಲ್ಲಿ ಮುರಿದುಬಿದ್ದಿತ್ತು. ವಿಶ್ವವಿದ್ಯಾಲಯದ ಚರ್ಚಾಸ್ಪರ್ಧೆಗಳಲ್ಲಿ ಮಾತಾಡಿ ಬಂದಿದ್ದ ನಾನು ಪಂಚಾಯಿತಿ ಅಧ್ಯಕ್ಷರಿಗೆ ಒಂದು ನಿಯಮ ಸೂಚಿಸಿದ್ದೆ: ಯಾರೇ ಆಗಲಿ ಮೂರು ನಿಮಿಷ, ಒಬ್ಬರಿಗೆ ಒಂದೇ ಸಲ, ನಡುವೆ ಯಾರೂ ಬಾಯಿ ಹಾಕಬಾರದು. ಅವರು ಶಾಲೆಯ ಗಂಟೆಯನ್ನು ನನಗೇ ಒಪ್ಪಿಸಿದರು.

"ನೀನೇ ಹೊಡಿಯಪ್ಪ. ನಾನ್ ಹೊಡುದ್ರೆ ಪಾರ್ಟಿ ಮಾಡ್ತಾನೆ ಅಂತಾರೆ."

ವಿಷಯ, ಹೊಸ ನೀರಿನ ಟ್ಯಾಂಕನ್ನು ಎಲ್ಲಿ ಕಟ್ಟುವುದು ಎಂಬುದು. ಗುರುತು ಮಾಡಿದ್ದ ಜಾಗ ಕೋಸಿನ ತೋಟಗಳಿಗೆ ಹೋಗುವ ಬಂಡಿದಾರಿಯಲ್ಲಿತ್ತು. ಅಲ್ಲಿ ಟ್ಯಾಂಕಿನ ಕಂಬ ಎದ್ದರೆ ಕೊನೆಯ ತೋಟಕ್ಕೆ ಟೆಂಪೊ ಹೋಗುವುದಿಲ್ಲ. ಆ ತೋಟ ನಮ್ಮ ಬೀದಿಯ ಅಕ್ಕ ಒಬ್ಬರದು. ಒಬ್ಬರೇ ಬೇಸಾಯ ಮಾಡುತ್ತಾರೆ. ಇದು ನನಗೆ ಅಂದೇ ಗೊತ್ತಿತ್ತೋ ಆಮೇಲೆ ತಿಳಿಯಿತೋ, ಈಗ ಹೇಳಲಾರೆ.

ಕಾರ್ಖಾನೆಗೆ ಹೋಗುವವನೊಬ್ಬ ಎದ್ದು, "ಅಲ್ಲೇ ಹಾಕಿ, ನಂಗೆ ಸೆಕೆಂಡ್ ಶಿಫ್ಟ್ ಐತೆ" ಎಂದು ಕೂತ. ಆಮೇಲೆ ಅಕ್ಕ ಎದ್ದರು. ಏನಾದರೂ ಕೇಳಿಕೊಳ್ಳಲು ನಿಂತವರು ನಮ್ಮಲ್ಲಿ ನೇರವಾಗಿ ಕೇಳುವುದಿಲ್ಲ. ಹಿರಿಯರಿಗೆ ಕೈ ಮುಗಿದು, ಅವರ ಮನೆಯಿಂದ ಊರಿಗಾದ ಒಳ್ಳೆಯದನ್ನೆಲ್ಲ ನೆನೆದು, ಕೊನೆಗೆ ತಮ್ಮ ಮಾತಿಗೆ ಬರುತ್ತಾರೆ.

"ನಿಮ್ ತಂದೇರು ಈ ಇಸ್ಕೂಲಿಗೆ ಜಾಗ ಬುಟ್ಕೊಟ್ರು," ಎಂದು ಅಧ್ಯಕ್ಷರ ಕಡೆ ತಿರುಗಿ ಶುರು ಮಾಡಿದರು. "ನಮ್ ಮಕ್ಳು ನಾಕಕ್ಷರ ಕಲುತ್ವು. ಈಗ ನೀವು ನೀರ್ ತರುಸ್ತಾ ಇದೀರ. ದೊಡ್ಡ ಮನ್ಸು ನಿಮ್ದು…"

ಗಂಟೆ ಹೊಡೆದೆ. ಅವರು ಅಲ್ಲಿಗೇ ನಿಲ್ಲಿಸಿ ಕೂತರು. ಮುಂದೆ ಯಾರೂ ಏಳಲಿಲ್ಲ. ಗುರುತು ಮಾಡಿದ್ದ ಜಾಗದಲ್ಲೇ ಎಂದು ತೀರ್ಮಾನವಾಯಿತು. ಒಬ್ಬರೂ ದನಿ ಏರಿಸದ ಆ ಸಭೆ ನನಗೆ ಗೆಲುವಾಗಿಯೇ ಕಂಡಿತ್ತು.

ಮನೆಗೆ ಹೋಗುವಾಗ ಚಿಕ್ಕಪ್ಪ ಅಂದರು: "ಆಯಮ್ಮ ಇನ್ನೂ ಕೈ ಮುಗೀತಾ ಇದ್ಲು ಕಣ್ಲಾ. ಅಷ್ಟ್ರಲ್ಲೇ ಹೊಡ್ದ್ಬುಟ್ಟೆ."

"ಮೂರು ನಿಮಿಷ ಆಗಿತ್ತು."

"ಎರಡೂ ಆಗಿರ್ಲಿಲ್ಲ. ಆಗಿತ್ತು ಅಂತ್ಲೇ ಇಟ್ಕೊ. ಕೈ ಮುಗಿಯಕ್ಕೂ ಟೈಮ್ ಹಿಡೀತಾರೇನ್ಲಾ ನಿಮ್ ಕಾಲೇಜಾಗೆ?"

ಮರುದಿನ ತೋಟಕ್ಕೆ ಹೋದೆ. ಅಕ್ಕ ಕೋಸು ಕೊಯ್ಯುತ್ತಿದ್ದರು.

"ಏನು ಕೇಳಬೇಕು ಅಂತಿದ್ದೆ ಅಕ್ಕ?"

"ಟ್ಯಾಂಕು ನಾಕ್ ಮಾರು ಆಚೆಗ್ ಹಾಕ್ಸಿ ಅನ್ಬೇಕಿತ್ತು. ಅಷ್ಟೇಯ."

"ಅದನ್ನೇ ಮೊದಲು ಹೇಳಬಹುದಿತ್ತಲ್ಲ?"

"ನಿಂತಿದ್ ನಿಂತಂಗೇ ಕೇಳಕ್ಕೆ ನಾನೇನ್ ಜಗಳಕ್ ಬಂದಿದ್ನೇನಪ್ಪ?"

ಪಂಚಾಯಿತಿ ಕಚೇರಿಗೆ ಹೋಗಿ ತೀರ್ಮಾನದ ಪುಸ್ತಕ ತೆಗೆಸಿದೆ. ನನ್ನ ನೆನಪಿಗಿಂತ ಕಾಗದವನ್ನು ನಂಬುವವನು ನಾನು. ತಮಿಳಿನಲ್ಲಿ ಎರಡು ಸಾಲು ಇತ್ತು: ಆಕ್ಷೇಪಣೆ ಯಾರಿಂದಲೂ ಇಲ್ಲ, ಮಹಿಳೆಯೊಬ್ಬರು ಅಧ್ಯಕ್ಷರಿಗೆ ವಂದನೆ ತಿಳಿಸಿದರು. ಕೆಳಗೆ ಎಲ್ಲರ ರುಜು, ಅಕ್ಕನದೂ. ಟೀ ಕುಡಿದವರು ಎದ್ದು ಹೋಗುತ್ತಾರೆಂದು ನಮ್ಮಲ್ಲಿ ಸಭೆಗೆ ಮುಂಚೆಯೇ ರುಜು ಹಾಕಿಸಿಕೊಳ್ಳುತ್ತಾರೆ.

"ತಿದ್ದಕ್ಕಾಗಲ್ಲ ಸಾರ್," ಎಂದರು ಕಾರ್ಯದರ್ಶಿ. "ಬೇಡ ಅಂತ ಆಯಮ್ಮ ಒಂದ್ ಮಾತ್ ಅಂದಿದ್ರೆ ಬರೀತಿದ್ದೆ. ಇನ್ನು ಆಗಸ್ಟ್ ಸಭೇಲೇ ಕೇಳ್ಬೇಕು."

ಬರೆದದ್ದರಲ್ಲಿ ಸುಳ್ಳೇನೂ ಇರಲಿಲ್ಲ. ಅಧ್ಯಕ್ಷರ ಮನೆಗೂ ಹೋದೆ. "ತೀರ್ಮಾನ ಆದ್ಮೇಲ್ ಮುಗೀತಪ್ಪ. ನಿಯಮ ನಿಂದೇ ಅಲ್ವಾ?" ಎಂದರು. ಆಗಸ್ಟ್ ಬರುವಷ್ಟರಲ್ಲಿ ಕಂಬಗಳು ಎದ್ದಿದ್ದವು.

ಈಗ ಟೆಂಪೊ ಟ್ಯಾಂಕಿನ ಈಚೆಗೇ ನಿಲ್ಲುತ್ತದೆ. ಅಕ್ಕ ಕೋಸಿನ ಚೀಲಗಳನ್ನು ತಲೆಯ ಮೇಲೆ ಹೊತ್ತು ತರುತ್ತಾರೆ. ಕಂಡಾಗ ಮಾತಾಡಿಸುತ್ತಾರೆ, ಗಂಟೆಯ ವಿಷಯ ಎತ್ತುವುದಿಲ್ಲ. ಹೋದ ವಾರ ನಾನೂ ಚೀಲ ಹೊತ್ತೆ. ತೋಟದಿಂದ ಟೆಂಪೊಗೆ ಒಂದು ಚೀಲಕ್ಕೆ ನಾಲ್ಕು ನಿಮಿಷ ಹಿಡಿಯಿತು. ಈ ಸಲ ಬರೆದಿಟ್ಟುಕೊಂಡಿದ್ದೇನೆ.