ಕನ್ನಡದ ಪುಟದಲ್ಲಿ ಮಾತ್ರ ದಿನಕರ

ಕಾಸರಕೋಡಿನ ಬೋಟಿನವರ ಸಂಘದಲ್ಲಿ ಕಂಪ್ಯೂಟರ್ ಕೆಲಸ ಮಾಡುವ ಮಾಲತಿಯನ್ನು ಊರವರು ಗಟ್ಟಿಗಿತ್ತಿ ಎನ್ನುತ್ತಾರೆ. ಗಂಡ ದಿನಕರ ಸಮುದ್ರಕ್ಕೆ ಹೋದವನು ಮರಳದೆ ವರ್ಷಗಳಾದರೂ ಅವಳು ಅತ್ತದ್ದನ್ನು ಯಾರೂ ನೋಡಿಲ್ಲವಂತೆ. ಗಟ್ಟಿತನವೂ ಅಲ್ಲ, ಮಣ್ಣೂ ಅಲ್ಲ. ಅವಳಿಗೆ ಏನೂ ಅನ್ನಿಸುತ್ತಿರಲಿಲ್ಲ, ಅಷ್ಟೇ. ಅತ್ತೆ ಈರಮ್ಮ ದಿನಾ ತಂದುಕೊಡುವ ಅಬ್ಬಲಿಗೆ ಹೂವಿನ ದಂಡೆ ಮುಡಿದು ಕೆಲಸಕ್ಕೆ ಹೋಗುತ್ತಿದ್ದಳು. ಮಗ ಬಂದೇ ಬರುತ್ತಾನೆಂದು ಅತ್ತೆ ನಂಬಿದ್ದಾಳೆ, ಅದನ್ನು ತಾನು ಕೆಡಿಸುವುದು ಬೇಡ ಎಂಬುದು ಅವಳ ಲೆಕ್ಕ.

ಈಚೆಗೆ ಸಂಘದ ವೆಬ್‌ಸೈಟನ್ನು ಕನ್ನಡ, ಕೊಂಕಣಿ, ಇಂಗ್ಲಿಷ್ ಎಂದು ಮೂರು ಫೋಲ್ಡರಿಗೆ ಹಂಚಿದರು. ಹಂಚಿದ್ದೇ ತಡ, ಲಿಂಕುಗಳೆಲ್ಲ ಕೆಟ್ಟವು. ಅವನ್ನು ಮೊದಲು ಬರೆದದ್ದು ನಿಂತ ಜಾಗದಿಂದ ದಾರಿ ಹೇಳುವ ಹಾಗೆ. ದೇವಸ್ಥಾನದ ಹಿಂದಿನ ಮನೆ ಎಂದರೆ ಬಾಡ ಎಂಬ ಊರಿನಲ್ಲಿ ನಿಂತವನು ಆ ಊರಿನ ದೇವಸ್ಥಾನದ ಹಿಂದೆಯೇ ಹುಡುಕುತ್ತಾನೆ. ಹಾಗೆಯೇ ಕೊಂಕಣಿಯ ಲಿಂಕು ಕೊಂಕಣಿ ಫೋಲ್ಡರಿನೊಳಗೇ ತಡಕಾಡಿ, ಹೊರಗೆ ಉಳಿದ ಫೋಟೋ ಪುಟಗಳು ಸಿಗದೆ ಕೈಚೆಲ್ಲುತ್ತಿತ್ತು. ಮಾಲತಿ ಒಂದೊಂದಕ್ಕೂ ಮೊದಲಲ್ಲಿ ಓರೆಗೆರೆ (/) ಹಾಕಿ, ಸೈಟಿನ ಬುಡದಿಂದ ಪೂರ್ತಿ ದಾರಿ ಬರೆಯತೊಡಗಿದಳು.

ಆಗಲೇ ಅಧ್ಯಕ್ಷ ಮಾಬ್ಲೇಶ್ವರ ಅವರು ಬಂದು, ಹೇಗೂ ತಿದ್ದುತ್ತಿದ್ದೀಯಲ್ಲ, ದಿನಕರನ ಹೆಸರಿನ ಲಿಂಕನ್ನು ಕಾಣೆಯಾದವರ ಪುಟದಿಂದ ಶ್ರದ್ಧಾಂಜಲಿ ಪುಟಕ್ಕೆ ತಿರುಗಿಸಿಬಿಡು ಎಂದರು. ಇನ್ನೆಷ್ಟು ದಿನ ಕಾಯುವುದು ಎಂದೂ ಮೆಲ್ಲಗೆ ಸೇರಿಸಿದರು. ಮಾಲತಿ ಆತು ಎಂದಳು.

ಇಂಗ್ಲಿಷಿನಲ್ಲಿ ತಿರುಗಿಸಿದಳು, ಕೊಂಕಣಿಯಲ್ಲೂ ತಿರುಗಿಸಿದಳು. ಕನ್ನಡದಲ್ಲಿ ಮಾತ್ರ ಕಾಣೆಯಾದವರ ಪುಟಕ್ಕೇ ಬಿಟ್ಟಳು. ಅತ್ತೆ ತನ್ನ ಫೋನಿನಲ್ಲಿ ಮಗನ ಮುಖ ನೋಡುವುದು ಕನ್ನಡದ ಪುಟದಲ್ಲಿ. ಮೂರರಲ್ಲಿ ಒಂದು ತಪ್ಪಿದ್ದರೆ ಯಾರ ಗಂಟು ಹೋಗುತ್ತದೆ ಎಂದುಕೊಂಡಳು. ಎರಡು ಭಾಷೆಯಲ್ಲಿ ಗಂಡನನ್ನು ಕಳಿಸಿಕೊಟ್ಟ ಕೈ ನಡುಗಲೂ ಇಲ್ಲ. ಅದು ಅವಳಿಗೇ ಹೆದರಿಕೆ ಹುಟ್ಟಿಸಿತು.

ಕೆಲವು ದಿನಗಳ ಮೇಲೆ, ಸಂಜೆ ಚಾ ಕುಡಿಯುವಾಗ ಈರಮ್ಮ ಫೋನನ್ನು ಸೊಸೆಯ ಮುಂದಿಟ್ಟಳು. ಕನ್ನಡದ್ದನ್ನೂ ಸರಿ ಮಾಡು ಎಂದಳು. ಮಾಲತಿ ತಿಳಿಯದವಳಂತೆ ಎಂತದು ಎಂದು ಕೇಳಿದಳು.

"ಪಕ್ಕದ್ಮನೆ ಗಂಗಿ ಕೊಂಕಣಿದು ಓದಿ ಹೇಳಿದ್ಲು, ಅವತ್ತೇ. ನಿಂಗೆ ಗೊತ್ತಾಗೂದು ಬ್ಯಾಡ ಅಂತ ಸುಮ್ನಿದ್ದೆ. ಸೈಟು ತಿದ್ದೂದು ನೀನೇ ಅಂತ ಅಧ್ಯಕ್ಷರು ಇವತ್ತು ಹೇಳಿದ್ರು."

ಸೈಟು ತಿದ್ದುವವಳು ಸೊಸೆಯೇ ಎಂಬುದು ಈರಮ್ಮನಿಗೆ ಅಲ್ಲಿಯವರೆಗೆ ಹೊಳೆದೇ ಇರಲಿಲ್ಲ. ಮಾಲತಿಯ ಬಾಯಿಂದ ಒಂದೇ ಮಾತು ಹೊರಟಿತು.

"ಮತ್ತೆ ದಿನಾ ಹೂವು ತಂದ್ರಲ್ಲ ಅತ್ತೆ?"

"ತರೂದು ಬಿಟ್ರೆ ನಿಂಗೆ ತಿಳೀತಿತ್ತಲ್ಲೆ."

ಮರುದಿನ ಮಾಲತಿ ಕನ್ನಡದ ಲಿಂಕನ್ನೂ ತಿದ್ದಿದಳು. ಮೂರೂ ಭಾಷೆಯಲ್ಲಿ ಗಂಡನ ಹೆಸರನ್ನು ಒತ್ತಿ ನೋಡಿದಳು; ಮೂರೂ ಒಂದೇ ಕಡೆಗೆ ಹೋದವು. ಆಗಲೂ ಅಳು ಬರಲಿಲ್ಲ. ತಲೆಯಲ್ಲಿ ಅಬ್ಬಲಿಗೆ ಇತ್ತು. ಬೆಳಿಗ್ಗೆ ಅತ್ತೆಯೇ ಮುಡಿಸಿ ಕಳಿಸಿದ್ದಳು.